ಉಪ್ಪು ಉಪ್ಪಿನ ಜಾಗದಾಗ

ಜಲನಗರದಲ್ಲಿ ಹೇಮಂತನ ಮನೆ ಯಾವುದು ಎಂದು ಕೇಳಿದರೆ ಆಟೋದವರು, ನಾಲಿಗೆ ಹೇಮಂತನದೋ ಇನ್ನೊಬ್ಬನದೋ ಎಂದು ತಿರುಗಿ ಕೇಳುತ್ತಿದ್ದರು. ಸರಕಾರಿ ಕಚೇರಿಯೊಂದರಲ್ಲಿ ಮೇಲ್ವಿಚಾರಕನಾಗಿದ್ದ ಈ ಮನುಷ್ಯನಿಗೆ ಕಡತಗಳಿಂದ ಬಾರದ ಕೀರ್ತಿ ನಾಲಿಗೆಯಿಂದ ಬಂದಿತ್ತು. ಒಂದು ಗುಟುಕು ಸಾರು ಕುಡಿದು, ಬೇಳೆ ಹಳೆಯದು ಎನ್ನುತ್ತಿದ್ದ. ಚಹಾ ಮೂಸಿ, ಹಾಲು ಎರಡು ಸಲ ಕಾದಿದೆ ಎನ್ನುತ್ತಿದ್ದ. ಮದುವೆ ಮನೆಗಳಲ್ಲಿ ಅಡಿಗೆಯವರು ಅವನನ್ನು ಕಂಡ ಕೂಡಲೇ ಕೊನೆಯ ಪಂಕ್ತಿಗೆ ತಳ್ಳುತ್ತಿದ್ದರು. ಅಷ್ಟು ಹೊತ್ತಿಗೆ ಹಸಿವೆಯಾದರೂ ಅವನ ಬಾಯಿ ಕಟ್ಟೀತು ಎಂಬುದು ಅವರ ಆಸೆ. ಕಟ್ಟುತ್ತಿರಲಿಲ್ಲ.

ಮನೆಯಲ್ಲೂ ಆ ನಾಲಿಗೆಗೆ ರಜೆ ಇರಲಿಲ್ಲ. ಹೆಂಡತಿ ಅನುಜಾ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಪುಂಡ ಹುಡುಗರು ಅವಳ ನೆರಳು ಕಂಡರೆ ಬೆಂಚಿಗೆ ಅಂಟಿಕೊಳ್ಳುತ್ತಿದ್ದರು. ಅಂಥವಳು ದಿನವೂ ಗಂಡನ ಮುಂದೆ ತಾಟು ಇಟ್ಟು, ಆರೋಪಿಯ ಹಾಗೆ ಪಕ್ಕಕ್ಕೆ ನಿಂತುಕೊಳ್ಳುತ್ತಿದ್ದಳು. ಮೊದಲ ತುತ್ತು ಇಳಿದ ಮೇಲೆ ತೀರ್ಪು ಬರುತ್ತಿತ್ತು. ಒಗ್ಗರಣೆ ಕರಕಾಗಿದೆ, ಹುಣಸೆ ಮುಂದಾಗಿದೆ, ಬೆಲ್ಲ ಹಿಂದೆ ಬಿದ್ದಿದೆ. ಚೆನ್ನಾಗಿದ್ದ ದಿನ ಅವನು ಏನೂ ಹೇಳುತ್ತಿರಲಿಲ್ಲ. ಮೌನವನ್ನೇ ಹೊಗಳಿಕೆ ಎಂದು ತಿಳಿದುಕೊಳ್ಳುವುದು ಆ ಮನೆಯ ಪದ್ಧತಿಯಾಗಿತ್ತು.

ಹೋದ ವರ್ಷ ಮಳೆಗಾಲದ ಕೊನೆಗೆ ಅವನಿಗೊಂದು ಜ್ವರ ಬಂತು. ಜ್ವರ ಹೋಗುವಾಗ ವಾಸನೆಯನ್ನೂ ರುಚಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಖಾರದ ಉರಿ ತಿಳಿಯುತ್ತಿತ್ತು, ಬಿಸಿ ತಂಪು ತಿಳಿಯುತ್ತಿತ್ತು. ಅದರಾಚೆಗೆ ಹೋಳಿಗೆಯೂ ಒಂದೇ, ಹಸಿ ಹಿಟ್ಟೂ ಒಂದೇ. ಮನೆಯಲ್ಲಿ ಹೇಳದೆ ಹೋಗಿ ತೋರಿಸಿದಾಗ ಡಾಕ್ಟರು, ಮರಳಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಎರಡೂ ಕಡೆ ಕಾಲಿಟ್ಟು ಹೇಳಿದರು.

ಜ್ವರ ಬಿಟ್ಟ ಮೇಲಿನ ಮೊದಲ ಊಟಕ್ಕೆ ಕೂತಾಗ ಅವನಿಗೆ ತಪ್ಪು ಹುಡುಕಲು ಏನೂ ಸಿಗಲಿಲ್ಲ. ಹೆಂಡತಿ ಕಾಯುತ್ತ ನಿಂತಿದ್ದಾಳೆ, ಏನಾದರೂ ಹೇಳಬೇಕು. "ಉಪ್ಪು ಉಪ್ಪಿನ ಜಾಗದಾಗ, ಖಾರ ಖಾರದ ಜಾಗದಾಗ ಕುಂತಾವ ನೋಡು" ಎಂದುಬಿಟ್ಟ. ಅನುಜಾಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಆ ಸಂಜೆ ಅವಳು ತಂಗಿ ಮೃಣಾಲಳಿಗೆ ಫೋನು ಮಾಡಿ, ಆ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಮರುದಿನ ಅಡಿಗೆಮನೆಯಿಂದ ಹಾಡಿನ ಗುನುಗು ಕೇಳಿಸಿತು. ಹೇಮಂತ ಆ ಮನೆಯಲ್ಲಿ ಅಂಥ ಸದ್ದನ್ನು ಕೇಳಿದ್ದೇ ಇಲ್ಲ. ಮೊದಲು ಮಿಕ್ಸರ್ ಕೆಟ್ಟಿದೆ ಎಂದುಕೊಂಡ.

ಅಂದಿನಿಂದ ಅವನು ದಿನವೂ ಅದೇ ಮಾತು ಹೇಳತೊಡಗಿದ. ಮನೆ ತಣ್ಣಗಾಯಿತು. ಅವನ ತಾಯಿ ಸಖೂಬಾಯಿ, ಇದು ತನ್ನ ಗುರುವಾರದ ಉಪವಾಸಗಳ ಫಲ ಎಂದು ಓಣಿಯಲ್ಲಿ ಸಾರಿದರು. ನೆರೆಮನೆಯ ಹೆಂಗಸರಲ್ಲಿ ಕೆಲವರು ಗುರುವಾರ ಉಪವಾಸ ಹಿಡಿದರು. ಇಂಥ ಹೊತ್ತಿನಲ್ಲಿ, ತನಗೆ ರುಚಿಯೇ ತಿಳಿಯುವುದಿಲ್ಲ ಎಂದು ಬಾಯಿಬಿಡುವ ಗಂಡಸು ಎಲ್ಲಾದರೂ ಇದ್ದಾನು. ಹೇಮಂತ ಅವನಲ್ಲ.

ಹೀಗೆ ಸುಳ್ಳೊಂದು ಸುಖವಾಗಿ ಸಂಸಾರ ಮಾಡಿಕೊಂಡಿದ್ದಾಗ ಗೆಳೆಯ ಮಿಲಿಂದ ಬಂದ. ಅವನದು ಫ್ಲೆಕ್ಸ್ ಬ್ಯಾನರ್ ಮುದ್ರಿಸುವ ಅಂಗಡಿ. ಊರಿನ ಪ್ರವಾಸಿ ಬಳಗಕ್ಕೆ ಕಾರ್ಯದರ್ಶಿಯೂ ಅವನೇ. ದೊಡ್ಡ ಶಹರಗಳಲ್ಲಿ ಹೋಟೆಲುಗಳಿಗೆ ಪ್ರಶಸ್ತಿ ಕೊಡುತ್ತಾರಂತೆ, ಅದನ್ನು ನೋಡಿ ಜನ ವಿಮಾನದಲ್ಲಿ ಬಂದು ಉಣ್ಣುತ್ತಾರಂತೆ. ನಮ್ಮಲ್ಲಿಗೆ ಬಂದವರು ಗೋಳಗುಮ್ಮಟ ಹತ್ತಿ, ಒಮ್ಮೆ ಕೂಗಿ, ಕೂಗಿದ್ದನ್ನು ತಾವೇ ಕೇಳಿ, ಉಣ್ಣುವುದಕ್ಕೆ ಸೊಲ್ಲಾಪುರಕ್ಕೆ ಹೋಗಿಬಿಡುತ್ತಾರೆ ಎಂದು ಮರುಗಿದ. ಅದಕ್ಕಾಗಿ ಈ ವರ್ಷದಿಂದ 'ಗುಮ್ಮಟ ರುಚಿ ಪ್ರಶಸ್ತಿ' ಕೊಡುವುದೆಂದು ಬಳಗ ಠರಾವು ಮಾಡಿತ್ತು. ತೀರ್ಪುಗಾರ ಯಾರು ಎಂಬ ಬಗ್ಗೆ ಚರ್ಚೆಯೇ ಆಗಿರಲಿಲ್ಲ.

ಹೇಮಂತ ಬೆವರಿದ. ತಾನು ಯೋಗ್ಯನಲ್ಲ ಎಂದ. ಮಿಲಿಂದ ಅದನ್ನು ವಿನಯ ಎಂದು ತಿಳಿದ. ತನ್ನ ನಾಲಿಗೆ ಈಗ ಮೊದಲಿನಂತಿಲ್ಲ ಎಂದ. ದೊಡ್ಡ ಗಾಯಕರೂ ಹೀಗೇ ಹೇಳುತ್ತಾರೆ ಎಂದು ಮಿಲಿಂದ ನಕ್ಕ. ಮರುದಿನ ಕಚೇರಿಯ ಸಾಹೇಬರೇ ಕರೆದು ಕೈ ಕುಲುಕಿ, ತಮ್ಮ ಭಾವಮೈದುನನದೂ ಒಂದು ಹೋಟೆಲಿದೆ ಎಂದು ಸುಮ್ಮನೆ ಮಾಹಿತಿಗಾಗಿ ತಿಳಿಸಿದರು. ಅಷ್ಟಾದ ಮೇಲೆ ಒಲ್ಲೆ ಎನ್ನುವ ದಾರಿ ಮುಚ್ಚಿತು. ಆದರೆ ನಿಯಮಗಳಲ್ಲಿ ಒಂದು, ತೀರ್ಪುಗಾರರು ಮನೆಯವರನ್ನು ಕರೆತರಬಹುದು ಎಂದಿತ್ತು. ಹೇಮಂತನಿಗೆ ಜೀವ ಬಂತು. ಅನುಜಾಳನ್ನು ಕರೆದೊಯ್ಯುವುದು, ಅವಳು ಉಣ್ಣುವಾಗ ಮುಖ ನೋಡುವುದು, ಮುಖ ಅರಳಿದರೆ ಹೆಚ್ಚು ಅಂಕ, ಬಾಡಿದರೆ ಕಡಿಮೆ. ಇಷ್ಟು ಸರಳ ಉಪಾಯ ಕೆಡುವುದಕ್ಕೆ ಸಾಧ್ಯವೇ ಇಲ್ಲ ಎಂದುಕೊಂಡ.

ಮೊದಲು ಹೋದದ್ದು ಗೋಳಗುಮ್ಮಟದ ಹತ್ತಿರ ಅತೀಕ ಮತ್ತು ಅವನ ಹೆಂಡತಿ ಸುರೈಯಾ ನಡೆಸುವ ಮಾಳಿಗೆಯ ರೆಸ್ಟೋರೆಂಟಿಗೆ. ಅತೀಕ ಗಲ್ಲಾಪೆಟ್ಟಿಗೆಯ ಮುಂದೆ ಕೂಡುತ್ತಿದ್ದ, ಒಲೆ ಸುರೈಯಾಳದು. ಶೇಂಗಾ, ಎಳ್ಳು, ಹುಣಸೆ ಹಾಕಿ ಕುದಿಸಿದ ಬಗಾರಾ ಬದನೆಕಾಯಿ ಬಂತು. ಅನುಜಾ ಒಂದು ತುತ್ತು ತಿಂದು ಕಣ್ಣು ಮುಚ್ಚಿದಳು. ಅದೇ ಹೊತ್ತಿಗೆ ಅತೀಕ ಬಂದು, ಹೇಗಾಗಿದೆ ಎಂದು ಕೇಳಿದ್ದರಿಂದ ಹೇಮಂತನ ಗಮನ ಆ ಕಡೆ ಹೋಯಿತು. ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ. ಗಂಭೀರವಾಗಿ, ಉಪ್ಪು ಉಪ್ಪಿನ ಜಾಗದಾಗ, ಖಾರ ಖಾರದ ಜಾಗದಾಗ ಕುಂತಾವ ಎಂದ. ಅತೀಕ ಎದೆಗೆ ಕೈಯಿಟ್ಟು ನಮಸ್ಕರಿಸಿದ. ಹೇಮಂತ ಈಗ ಹೆಂಡತಿಯ ಕಡೆ ತಿರುಗಿದ. ಅವಳ ಕೈ ತಾಟಿನಲ್ಲೇ ನಿಂತಿತ್ತು. ಮುಖ ಮೋಡ ಕಟ್ಟಿದಂತಾಗಿತ್ತು.

ಯಾಕೆಂದು ಬೇರೆ ಯಾರಿಗಾದರೂ ತಿಳಿಯುತ್ತಿತ್ತು. ತನ್ನೊಬ್ಬಳಿಗೆಂದು ಹುಟ್ಟಿದ್ದು ಎಂದು ಅವಳು ಒಂದು ವರ್ಷ ಜೋಪಾನ ಮಾಡಿದ್ದ ಮಾತನ್ನು ಗಂಡ ಹೋಟೆಲಿನಲ್ಲಿ, ಬಿಲ್ಲು ಕೊಡುವಷ್ಟು ಸಲೀಸಾಗಿ ಕೊಟ್ಟುಬಿಟ್ಟಿದ್ದ. ಹೇಮಂತನಿಗೆ ಮಾತ್ರ ಬದನೆಕಾಯಿ ಕೆಟ್ಟಿದೆ ಎಂದು ಖಾತ್ರಿಯಾಯಿತು. ಹತ್ತಕ್ಕೆ ಎರಡು ಅಂಕ ಹಾಕಿದ.

ಆ ಮೇಲೆ ಎಲ್ಲೆಡೆಯೂ ಇದೇ ಕಥೆ. ಮಾಲಕರು ಬಂದು ಕೇಳುವರು, ಅವನು ಅದೇ ಮಾತು ಹೇಳುವನು, ಅನುಜಾಳ ಮುಖ ಇನ್ನಷ್ಟು ಬಾಡುವುದು, ಅಂಕ ಕೆಳಗಿಳಿಯುವುದು. ಊರಿನ ಅಡಿಗೆ ಇಷ್ಟು ಹದಗೆಟ್ಟಿದೆಯೇ ಎಂದು ಅವನಿಗೆ ನಿಜಕ್ಕೂ ಕಳವಳವಾಯಿತು. ಸಾಹೇಬರ ಭಾವಮೈದುನನಿಗೆ ಒಂದೇ ಅಂಕ ಹಾಕುವ ಮೊದಲು ಎರಡು ಸಲ ಪೆನ್ನು ಮುಚ್ಚಿದ, ಆದರೂ ಹಾಕಿದ. ಬಬಲೇಶ್ವರದ ಸಂತೆಯ ದಿನ ಹುಚ್ಚವ್ವಳ ಖಾನಾವಳಿಗೂ ಹೋದರು. ತೆಳ್ಳನೆಯ ಜೋಳದ ರೊಟ್ಟಿ, ಹುಳಿ ಸೊಪ್ಪಿನ ಪುಂಡಿಪಲ್ಯ, ಹಿಂಡಿ ಎನ್ನುವ ಎಣ್ಣೆ ಹಾಕಿದ ಚಟ್ನಿಪುಡಿ. ಸಂತೆಗೆ ಬಂದ ಜನ ಹೊರಗೆ ಸಾಲು ನಿಂತಿದ್ದರು. ಅವರೆಲ್ಲರ ಎದುರಿಗೆ ಹೇಮಂತ ಗಟ್ಟಿಯಾಗಿ ಅದೇ ಮಾತು ಹೇಳಿದ. ಅನುಜಾ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಕೈ ತೊಳೆದುಕೊಂಡಳು. ಪಾಪ ಮುದುಕಿ ಎಂದು ಹೇಮಂತ ಮೂರು ಅಂಕ ಹಾಕಿದ.

ಕೊನೆಯದು ಟಿಕೋಟಾ ರಸ್ತೆಯಲ್ಲಿ, ದ್ರಾಕ್ಷಿ ತೋಟದ ನಡುವೆ ಸುಭಾಷ ಕಟ್ಟಿಸಿದ ಫೈನ್ ಡೈನಿಂಗ್. ಮನೆತನದ ಒಣದ್ರಾಕ್ಷಿ ವ್ಯಾಪಾರ ಬಿಟ್ಟು ಸುಭಾಷ ಇದಕ್ಕೆ ಇಳಿದಿದ್ದ. ಅಲ್ಲಿ ದೀಪ ಎಷ್ಟು ಮಂದವಾಗಿತ್ತೆಂದರೆ ಊಟಕ್ಕಿಂತ ಮೊದಲು ಕುರ್ಚಿಯನ್ನು ತಡವಿ ಹುಡುಕಬೇಕಾಯಿತು. ಎತ್ತಿನ ಗಾಡಿಯ ಗಾಲಿಯಷ್ಟು ಅಗಲದ ತಾಟಿನ ನಟ್ಟನಡುವೆ ಚಮಚೆಯಷ್ಟು ಕಡಲೆಹಿಟ್ಟಿನ ಝುಣಕ, ಅದರ ಸುತ್ತ ಹಿಂಡಿಯ ರಂಗೋಲಿ, ಪಕ್ಕದಲ್ಲಿ ಹೊಗೆ. ಆದರೆ ಅದೆಲ್ಲ ಆಮೇಲೆ ಬಂದದ್ದು. ಮೊದಲು ಬಂದದ್ದು ಪುಟ್ಟ ಬಟ್ಟಲಿನಲ್ಲಿ ಪೆಪ್ಪರಮಿಂಟಿನಂಥ ಒಂದೊಂದು ಬಿಳಿ ಬಿಲ್ಲೆ. ಹೇಮಂತ ತಡಮಾಡದೆ ಬಾಯಿಗೆ ಹಾಕಿಕೊಂಡು ಜಗಿದ. ಜಗಿದಷ್ಟೂ ಅದು ಬೆಳೆಯಿತು. ದೊಡ್ಡ ಹೋಟೆಲಿನ ತಿನಿಸು, ಉಗುಳಿದರೆ ತನ್ನ ಅಜ್ಞಾನ ಬಯಲಾದೀತು ಎಂದು ಮೇಲೆ ನೀರು ಕುಡಿದ. ಆಗ ಅದು ಎರಡೂ ಗಲ್ಲಗಳನ್ನು ತುಂಬಿತು.

ಅಷ್ಟರಲ್ಲಿ ಮಾಣಿಯೊಬ್ಬ ಹೂಜಿಯಲ್ಲಿ ಬಿಸಿನೀರು ತಂದು ಅನುಜಾಳ ಬಿಲ್ಲೆಯ ಮೇಲೆ ಸುರಿದ. ಬಿಲ್ಲೆ ಮೆಲ್ಲಗೆ ಎದ್ದು, ಬಿಚ್ಚಿಕೊಂಡು, ಕೈ ಒರೆಸುವ ವಸ್ತ್ರವಾಯಿತು. ಮಾಣಿ ಹೇಮಂತನ ಕಡೆ ಬಂದು ಖಾಲಿ ಬಟ್ಟಲನ್ನು ನೋಡಿದ, ಗಲ್ಲಗಳನ್ನು ನೋಡಿದ, ಎಲ್ಲಿ ಸುರಿಯಬೇಕೆಂದು ತಿಳಿಯದೆ ಹೂಜಿ ಹಿಡಿದು ನಿಂತ.

ಅನುಜಾ ನಕ್ಕಳು. ವಾರದಿಂದ ಒಳಗೆ ಗಂಟಾಗಿದ್ದುದೆಲ್ಲ ಬಿಚ್ಚಿದಂತೆ, ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬಂದು, ಅದನ್ನು ಆ ವಸ್ತ್ರದಲ್ಲೇ ಒರೆಸಿಕೊಂಡು ಮತ್ತೆ ನಕ್ಕಳು. ನಾಚಿಕೆಯಿಂದ ಹೇಮಂತ ಊಟ ಮುಗಿಯುವವರೆಗೆ ತುಟಿ ಬಿಚ್ಚಲಿಲ್ಲ. ಆದ್ದರಿಂದ ಆ ಮಾತನ್ನೂ ಹೇಳಲಿಲ್ಲ. ಝುಣಕ ಬಂದಾಗಲೂ ಅವಳು ನಗುತ್ತಿದ್ದಳು, ಹೊಗೆ ಬಂದಾಗಲೂ ನಗುತ್ತಿದ್ದಳು. ಇಷ್ಟು ಅರಳಿದ ಮುಖವನ್ನು ಅವನು ಎಂದೂ ಕಂಡಿರಲಿಲ್ಲ. ಸುಭಾಷನಿಗೆ ಹತ್ತಕ್ಕೆ ಹತ್ತು.

ಸಮಾರಂಭದ ತನಕ ಫಲಿತಾಂಶ ಗುಟ್ಟಾಗಿರಬೇಕಿತ್ತು. ಮಿಲಿಂದ ಅದನ್ನು ನಂಬಿಕಸ್ಥರಿಗೆ ಮಾತ್ರ ಹೇಳಿದ. ಅವನಿಗೆ ಇಡೀ ಊರಿನ ಮೇಲೆ ನಂಬಿಕೆಯಿತ್ತು. ಜಲನಗರದ ಸಂಸಾರಗಳು ಸ್ಕೂಟರು ಹತ್ತಿ ಟಿಕೋಟಾ ರಸ್ತೆಗೆ ಹೊರಟವು. ಹೋಗಿ, ಉಂಡು, ಮನೆಗೆ ಬಂದು ಉಪ್ಪಿಟ್ಟು ಮಾಡಿಕೊಂಡು ಮಲಗಿದವು. ಆದರೂ ಚೆನ್ನಾಗಿಲ್ಲ ಎನ್ನಲು ಒಬ್ಬರಿಗೂ ಧೈರ್ಯ ಬರಲಿಲ್ಲ. ನಾಲಿಗೆ ಹೇಮಂತನೇ ಹತ್ತು ಕೊಟ್ಟ ಮೇಲೆ, ರುಚಿ ಸಿಗದಿದ್ದರೆ ಅದು ತಮ್ಮ ಬಾಯಿಯದೇ ದೋಷ ಎಂದು ಎಲ್ಲರೂ ಒಪ್ಪಿಕೊಂಡರು. ಅತೀಕನ ಮಾಳಿಗೆಯಲ್ಲಿ ಮೇಜುಗಳು ಖಾಲಿಯಾದವು. ಕಚೇರಿಯಲ್ಲಿ ಸಾಹೇಬರು ಹೇಮಂತನ ನಮಸ್ಕಾರವನ್ನು ಸ್ವೀಕರಿಸುವುದನ್ನು ನಿಲ್ಲಿಸಿದರು.

ಒಂದು ಸಂಜೆ ಅತೀಕ ಡಬ್ಬಿ ಹಿಡಿದುಕೊಂಡು ಮನೆಗೇ ಬಂದ. ಕೂಡಲು ಹೇಳಿದರೂ ಕೂಡಲಿಲ್ಲ.

"ಮಾರ್ಕ್ಸ್ ಕೇಳಾಕ ಬಂದಿಲ್ಲರಿ ಸಾಹೇಬ್ರ. ಎಲ್ಲಿ ತಪ್ಪೈತಿ ಅಷ್ಟು ಹೇಳ್ರಿ. ಸುರೈಯಾ ಒಲಿ ಮುಂದ ನಿಂತು ಬರೇ ನೋಡಾಕತ್ತಾಳ. ಉಪ್ಪಿನ ಡಬ್ಬಿಗೆ ಕೈ ಹಾಕಾಕ ಅಂಜತಾಳ."

ಹೇಮಂತ ಡಬ್ಬಿಯಿಂದ ಒಂದು ಬದನೆಕಾಯಿ ಬಾಯಿಗೆ ಹಾಕಿಕೊಂಡ. ಏನೂ ಇಲ್ಲ, ಮೆತ್ತಗಿನದೊಂದು ಒಳಗೆ ಹೋಯಿತು. ಹುಣಸೆ ಸ್ವಲ್ಪ ಮುಂದಾಗಿದೆ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅನುಜಾ ಒಳಗಿನಿಂದ ಬಂದು ತಾನೂ ಒಂದು ತುಂಡು ತಿಂದಳು.

"ಇದರಾಗ ಏನೂ ತಪ್ಪಿಲ್ಲ. ಅವತ್ತೂ ಇರಲಿಲ್ಲ," ಎಂದಳು.

"ಮತ್ತ ಅವತ್ತ ನೀ ಮಾರಿ ಯಾಕ ಸಣ್ಣದು ಮಾಡಿದ್ದಿ?"

"ನನ್ನ ಮಾರಿಗೂ ಇವರ ಬದನಿಕಾಯಿಗೂ ಏನ್ರಿ ಸಂಬಂಧ?"

ಇಂಥ ಪ್ರಶ್ನೆಗೆ ಉತ್ತರ ಒಂದೇ ಇರುತ್ತದೆ. ಹೇಮಂತ ಡಬ್ಬಿಯ ಮುಚ್ಚಳವನ್ನು ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ. ಎದುರಿಗೆ ನಿಂತ ಅತೀಕನ ಕಣ್ಣುಗಳ ಕೆಳಗೆ ಕಪ್ಪು ಕಟ್ಟಿತ್ತು. ಒಂದು ಒಳ್ಳೆಯ ಒಲೆ ತನ್ನಿಂದಾಗಿ ಆರುತ್ತಿದೆ ಎಂಬುದು ಅವನ ಮಂದ ಬುದ್ಧಿಗೂ ಹೊಳೆಯಿತು.

"ನನಗ ರುಚಿ ತಿಳಿಯಂಗಿಲ್ಲ," ಎಂದ. "ಇಕಿ ಮಾರಿ ನೋಡಿ ಮಾರ್ಕ್ಸ್ ಹಾಕೀನಿ."

ದೇವರ ಮನೆಯಲ್ಲಿ ಸಖೂಬಾಯಿಯ ಜಪ ನಿಂತಿತು.

"ಯಾವಾಗಿನಿಂದ?" ಎಂದು ಅನುಜಾ ಕೇಳಿದಳು.

"ಆ ಜ್ವರ ಬಂದಾಗಿನಿಂದ."

ಗಣಿತದ ಟೀಚರಿಗೆ ಲೆಕ್ಕ ಹಾಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಜ್ವರ ಯಾವಾಗ ಬಂತು, ಹೊಗಳಿಕೆ ಯಾವಾಗ ಶುರುವಾಯಿತು. ಅವಳು ಅಡಿಗೆಮನೆಗೆ ಹೋದಳು. ಪರರ ಮನೆಯ ಮಾತು ತನ್ನ ಎದುರಿಗೇ ಹರಿದದ್ದನ್ನು ಕಂಡು ಅತೀಕ ಸಂಕೋಚದಿಂದ ಚಪ್ಪಲಿ ಹುಡುಕಿದ. ಆದರೆ ಗೇಟು ದಾಟಿದ ಮೇಲೆ ಅವನ ಮೋಟರ್‌ಸೈಕಲ್ಲು ಹಾರಿದಂತೆ ಹೋಯಿತು. ಸುರೈಯಾಳಿಗೆ ಸುದ್ದಿ ಮುಟ್ಟಿಸುವ ಅವಸರ. ಸಖೂಬಾಯಿ ಹೊರಗೆ ಬಂದು, ಹಾಗಾದರೆ ತಾನು ಮಾಡಿದ ಗುರುವಾರಗಳೆಲ್ಲ ಯಾರ ಖಾತೆಗೆ ಹೋದವು ಎಂದು ಮಗನನ್ನು ಕೇಳಿದರು.

ಅವನು ಅಡಿಗೆಮನೆಯ ಬಾಗಿಲಿಗೆ ಹೋದ. ಅನುಜಾ ಬೆನ್ನು ತಿರುಗಿಸಿಯೇ ಕೊತ್ತಂಬರಿ ಬಿಡಿಸುತ್ತಿದ್ದಳು. ಅವಳೇ ಮೊದಲು ಕೇಳಿದಳು.

"ಜ್ವರ ಬರೂಕಿಂತ ಮೊದಲ, ನನ್ನ ಅಡಗಿ ಒಮ್ಮೆರ ಖರೇನ ಚಲೋ ಅನಿಸಿತ್ತೇನು?"

"ಅನಿಸಿತ್ತು. ಹೇಳಿರಲಿಲ್ಲ."

"ಯಾವುದು?"

ಹೇಮಂತ ಸುಳ್ಳು ಹುಡುಕಲಿಲ್ಲ. "ನಿನ್ನ ಮೆಂತೆ ಪಲ್ಯ. ಒಗ್ಗರಣಿ ಒಂಚೂರು ಕರಕಾಗಿರತಿತ್ತು. ನಾ ಅದನ್ನ ತಪ್ಪು ಅಂತಿದ್ದೆ. ಈಗ ದಿನಾ ಉಣ್ಣಾಕ ಕುಂತಾಗ ಆ ಕರಕ ವಾಸನಿ ಹುಡುಕತೀನಿ. ಸಿಗವಲ್ದು."

ಅನುಜಾ ತಿರುಗಿ ನೋಡಿದಳು. ಅವನ ಕಣ್ಣು ಒಲೆಯ ಮೇಲಿನ ಪಾತ್ರೆಯ ಕಡೆಗಿತ್ತು. ಅವಳಿಗೆ ಸಿಟ್ಟು ಇಳಿಯಲಿಲ್ಲ. ಆದರೆ ಒಂದು ವರ್ಷ ಒಬ್ಬನೇ ಕೂತು ಮಣ್ಣು ತಿಂದಂತೆ ಉಂಡವನ ಮೇಲೆ ಅದನ್ನು ಪೂರ್ತಿ ಸುರಿಯಲೂ ಆಗಲಿಲ್ಲ. ರುಚಿ ಹೋದದ್ದನ್ನು ಆಗಲೇ ಹೇಳಬೇಕಿತ್ತು ಎಂದಳು. ಆಮೇಲೆ, ಮೊದಲು ಹೋಗಿ ಮಿಲಿಂದನಿಗೆ ಹೇಳಬೇಕು, ನಂತರ ಒಬ್ಬೊಬ್ಬರ ಬಾಗಿಲಿಗೂ ಹೋಗಿ ಹೇಳಬೇಕು ಎಂದು ತೀರ್ಪು ಕೊಟ್ಟಳು. ಆ ಮನೆಯಲ್ಲಿ ತೀರ್ಪು ಆ ಕಡೆಯಿಂದ ಬಂದದ್ದು ಅದೇ ಮೊದಲು.

ಮಿಲಿಂದ ತಲೆ ಹಿಡಿದುಕೊಂಡು ಕೂತ. ಬ್ಯಾನರು ಮುದ್ರಣವಾಗಿತ್ತು, ಅದೂ ಅವನದೇ ಅಂಗಡಿಯಲ್ಲಿ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಜನ ಹೇಗೂ ಒಪ್ಪಿಕೊಂಡಿದ್ದಾರೆ ಎಂದು ಬೇಡಿಕೊಂಡ. ಜನ ಒಪ್ಪಿಕೊಂಡದ್ದರಿಂದಲೇ ಹೇಮಂತನಿಗೆ ಹೆಚ್ಚು ಅಂಜಿಕೆಯಾಗಿತ್ತು.

ಟಿಕೋಟಾ ರಸ್ತೆಗೆ ಅನುಜಾಳೂ ಜೊತೆಗೆ ಹೋದಳು. ಸುಭಾಷ ಮಾತನ್ನು ಪೂರ್ತಿ ಕೇಳಿದ. ಜಗಳವಾದೀತು ಎಂದು ಹೇಮಂತ ಒಂದು ಹೆಜ್ಜೆ ಹಿಂದೆ ನಿಂತಿದ್ದ. ಸುಭಾಷ ಮಂದ ದೀಪದ ಕೆಳಗೆ ತಲೆ ತಗ್ಗಿಸಿ, "ನನಗೂ ಸಂಶಯ ಇತ್ತರಿ. ನಮ್ಮ ಮನಿ ಮಂದಿನ ಇಲ್ಲಿ ಉಣ್ಣಂಗಿಲ್ಲ" ಎಂದ. ಆಮೇಲೆ ತೋಟದಲ್ಲಿ ನಡೆದಾಡುತ್ತ, ದುಬಾರಿ ಸಂಬಳದ ಅಡಿಗೆಯವನಿಗೆ ಏನಾದರೂ ಹೇಳಲು ತನಗೆ ಎಷ್ಟು ಅಂಜಿಕೆ ಎಂಬುದನ್ನೆಲ್ಲ ಹೇಳಿಕೊಂಡ. ಅಂಜಿ ಉಣ್ಣುವವರು, ಅಂಜಿ ಹೊಗಳುವವರು, ಅಂಜಿ ಬಡಿಸುವವರು ಎಲ್ಲ ಸೇರಿ ಒಂದು ಹೋಟೆಲು ನಡೆಸುತ್ತಿದ್ದರು ಎಂದು ಅನುಜಾಳಿಗೆ ಅನಿಸಿತು. ತನ್ನ ಮನೆಯೂ ಅದಕ್ಕಿಂತ ಬೇರೆಯಾಗಿತ್ತೇ ಎಂದೂ ಅನಿಸಿತು.

ಹುಚ್ಚವ್ವ ಮಾತ್ರ ಕ್ಷಮಿಸಲಿಲ್ಲ. ಮುದುಕಿಗೆ ಪ್ರಶಸ್ತಿ ಬೇಕೇ ಬೇಕಾಗಿತ್ತು; ಅದನ್ನು ತೂಗುಹಾಕಲು ಗೋಡೆಗೆ ಮೊಳೆ ಹೊಡೆಸಿಯೂ ಆಗಿತ್ತು. "ನಾಲಿಗಿ ಸತ್ತ ಮೇಲೆ ನನ್ನ ರೊಟ್ಟಿಗೆ ಮಾರ್ಕ್ಸ್ ಹಾಕಾಕ ಬಂದಿದ್ದೇನೋ ಯಪ್ಪಾ?" ಎಂದು ಕೇಳಿ, ಸಂತೆಗೆ ಬಂದವರಿಗೆಲ್ಲ ಅವನನ್ನು ಬೆರಳು ಮಾಡಿ ತೋರಿಸಿದಳು. ಬಬಲೇಶ್ವರದಲ್ಲಿ ಅವನು ಇವತ್ತಿಗೂ ನಾಲಿಗೆ ಇಲ್ಲದ ಸಾಹೇಬ.

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ಮುಖ್ಯ ಅತಿಥಿಗಳು ಎಂದಿನಂತೆ ಇನ್ನೂ ದಾರಿಯಲ್ಲಿದ್ದರು. ಹೇಮಂತ ಮೈಕಿನ ಮುಂದೆ ನಿಂತು, ಜ್ವರ ಬಂದದ್ದು, ರುಚಿ ಹೋದದ್ದು, ಹೆಂಡತಿಯ ಮುಖ ನೋಡಿ ಅಂಕ ಹಾಕಿದ್ದು, ಅದನ್ನೂ ತಪ್ಪು ಓದಿದ್ದು, ಎಲ್ಲವನ್ನೂ ಹೇಳಿ, ಈ ಅಂಕಗಳು ಸುಳ್ಳು ಎಂದು ಕೈ ಮುಗಿದ. ಜಲನಗರದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಟಿಕೋಟಾ ರಸ್ತೆಯಲ್ಲಿ ಉಂಡದ್ದು ಅವರಿಗೆಲ್ಲ ಒಟ್ಟಿಗೇ ನೆನಪಾಯಿತು. ಅಷ್ಟರಲ್ಲಿ ಮುಖ್ಯ ಅತಿಥಿಗಳು ಬಂದರು. ಬಂದವರೇ ಹಾರ ಹಾಕಿಸಿಕೊಂಡು, ಬರೆದು ತಂದ ಭಾಷಣವನ್ನು ಓದತೊಡಗಿದರು. ಹೇಮಂತನ ನಾಲಿಗೆ ನಮ್ಮ ನಗರದ ಆಸ್ತಿ, ಅದು ಎಂದೂ ತಪ್ಪುವುದಿಲ್ಲ, ಯುವಕರು ಅಂಥ ನಾಲಿಗೆಯನ್ನು ಬೆಳೆಸಿಕೊಳ್ಳಬೇಕು ಎಂದು ಮೂರು ಪುಟ ಓದಿದರು. ತಡೆಯುವ ಧೈರ್ಯ ಮಿಲಿಂದನಿಗೆ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗೆ ಸಾಲಿನಿಂದ ಸಾಲಿಗೆ ಮುಂದೆ ಬಂತು. ವೇದಿಕೆಯ ಮೇಲೆ ಹೇಮಂತನೂ ನಕ್ಕ. ಅತಿಥಿಗಳು ತಮ್ಮ ಭಾಷಣ ಜನರಿಗೆ ಹಿಡಿಸಿತೆಂದು ಸಂತೋಷಪಟ್ಟು ನಾಲ್ಕನೆಯ ಪುಟವನ್ನೂ ಓದಿದರು.

ಪ್ರಶಸ್ತಿಯನ್ನು ಮುಂದೂಡಲಾಯಿತು. ಹೊಸದಾಗಿ ಅನುಜಾಳ ಜೊತೆಗೆ ಇನ್ನಿಬ್ಬರು ಹೋಗಿ ಉಂಡು ಬಂದರು. ಮೊದಲನೆಯದು ಅತೀಕ-ಸುರೈಯಾರಿಗೆ ಬಂತು, ಎರಡನೆಯದು ಹುಚ್ಚವ್ವಳಿಗೆ. ಎರಡನೆಯದು ಯಾಕೆ ಎಂದು ಅವಳು ಅದಕ್ಕೂ ಜಗಳ ತೆಗೆದಳು. ಸುಭಾಷ ದೀಪ ಹೆಚ್ಚಿಸಿ, ತಾಟು ಕಿರಿದು ಮಾಡಿದ.

ಮನೆಯಲ್ಲಿ ಹೇಮಂತ ಈಗ ಏನನ್ನೂ ಹೊಗಳುವಂತಿಲ್ಲ, ತೆಗಳುವಂತೆಯೂ ಇಲ್ಲ. ಅನುಜಾ ಎದುರಿಗೆ ಕೂತು ತಾನೇ ಹೇಳುತ್ತಾಳೆ: ಇದು ಪುಂಡಿ, ಇವತ್ತು ಹುಳಿ ಜೋರಾಗಿದೆ, ಇದು ಶೇಂಗಾ, ಸ್ವಲ್ಪ ಹೆಚ್ಚು ಹುರಿದಿದ್ದೇನೆ. ಅವನು ಕೇಳಿಸಿಕೊಳ್ಳುತ್ತ ಮೆಲ್ಲಗೆ ಉಣ್ಣುತ್ತಾನೆ. ಒಮ್ಮೊಮ್ಮೆ, ಹುಳಿ ಎಂದ ಕೂಡಲೇ ನಾಲಿಗೆಯ ತುದಿಯಲ್ಲಿ ಏನೋ ಅಲುಗಿದಂತೆ ಅವನಿಗೆ ಭಾಸವಾಗುವುದುಂಟು.

ಮೊನ್ನೆ ಅನುಜಾ ಪರೀಕ್ಷೆಯ ಪೇಪರು ತಿದ್ದಿ, ದಣಿದು ಬಂದು ಅವಸರದಲ್ಲಿ ಬೇಳೆ ಬೇಯಿಸಿ ಹಾಕಿದಳು. ಹೇಗಾಗಿದೆ ಎಂದು ಹೇಮಂತ ಕೇಳಿದ. ಚಲೋ ಆಗೇತಿ ಎಂದಳು, ಅಷ್ಟೇ. ಪಕ್ಕದಲ್ಲಿ ಉಣ್ಣುತ್ತಿದ್ದ ಸಖೂಬಾಯಿ ಒಂದು ತುತ್ತು ನುಂಗಿ, ಸೊಸೆಯನ್ನು ಒಮ್ಮೆ, ಮಗನನ್ನು ಒಮ್ಮೆ ನೋಡಿ, ಸದ್ದಾಗದಂತೆ ಉಪ್ಪಿನ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡರು. ಹೇಮಂತ ಅದನ್ನು ಕಂಡ. ತಾಟನ್ನು ಮುಂದೆ ಸರಿಸಿ, ಇನ್ನೊಂದು ಸೌಟು ಹಾಕು ಎಂದ.